ಪಾಕಪುಸ್ತಕ ಹೇಳದ ಮಾತು

ಅಡಿಗೆ ಪುಸ್ತಕವನ್ನೂ ವಿಮರ್ಶೆ ಮಾಡುವುದುಂಟೆ ಎಂದು ಕೆಲವರು ನಗಬಹುದು. ಕಾದಂಬರಿಯನ್ನು ಅಳೆದು ತೂಗುವ ನಾವು, ಅದಕ್ಕಿಂತ ಹೆಚ್ಚು ಸಲ ಕೈಗೆತ್ತಿಕೊಳ್ಳುವ ಪಾಕಪುಸ್ತಕವನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಿಬಿಡುತ್ತೇವೆ. ಪಾಲ್ ಪ್ರುಡೋಮ್ 1984ರಲ್ಲಿ ಪ್ರಕಟಿಸಿದ ಲೂಸಿಯಾನಾ ಅಡಿಗೆಯ ಪುಸ್ತಕ ಓದುವಾಗ ನನಗೆ ಈ ನಂಬಿಕೆಯ ಬಗ್ಗೆಯೇ ಯೋಚನೆ ಹತ್ತಿತು. ಹಂದಿಮಾಂಸ ಮುಟ್ಟದವರೂ ಇದನ್ನು ಓದಬಹುದು. ಪ್ರಶ್ನೆ ಮಾಂಸದ್ದಲ್ಲ, ಬರವಣಿಗೆಯದು.

ಪ್ರುಡೋಮ್ 1940ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ, ಬಡ ಗೇಣಿದಾರರ ಮನೆಯ ಹದಿಮೂರು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಅಡಿಗೆ ಕಲಿತದ್ದು ತಾಯಿಯ ಪಕ್ಕದಲ್ಲಿ ನಿಂತು. 1979ರಲ್ಲಿ ಹೆಂಡತಿಯೊಂದಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲು ತೆರೆದು, ಹಳ್ಳಿಯ ಕೇಜನ್ ಅಡಿಗೆಗೆ ದೇಶದ ತುಂಬ ಹೆಸರು ತಂದರು. 2015ರಲ್ಲಿ ತೀರಿಕೊಂಡರು. 1755ರಲ್ಲಿ ಬ್ರಿಟಿಷರು ಇಂದಿನ ಕೆನಡಾದ ನೋವಾ ಸ್ಕೋಷಿಯಾದಿಂದ ಹೊರಗಟ್ಟಿದ ಫ್ರೆಂಚ್ ಮಾತಿನ ಅಕೇಡಿಯನ್ನರ ವಂಶದವರೇ ಕೇಜನ್ನರು. 'ಅಕೇಡಿಯನ್' ಸವೆದು 'ಕೇಜನ್' ಆಯಿತು.

ಈ ಅಡಿಗೆಯ ಜೀವಾಳ 'ಆಂಡೂಯಿ' ಎಂಬ ಹೊಗೆ ಹಾಕಿದ ಸಾಸೇಜು. ಫ್ರಾನ್ಸಿನಲ್ಲಿ ಇದೇ ಹೆಸರಿನದು ಹಂದಿಯ ಹೊಟ್ಟೆ-ಕರುಳಿನದು. ಲೂಸಿಯಾನಾದಲ್ಲಿ ಹಾಗಲ್ಲ. ಅಲ್ಲಿ ಹಂದಿಯ ಭುಜದ ಮಾಂಸವನ್ನು ದಪ್ಪದಪ್ಪವಾಗಿ ಕೊಚ್ಚಿ, ಬೆಳ್ಳುಳ್ಳಿ, ಕರಿಮೆಣಸು, ಖಾರದ ಪುಡಿ, ಉಪ್ಪು ಕಲಸಿ, ಕರುಳಿಗೆ ತುಂಬಿ, ಮೇಲ್ಮೈ ಆರಿದ ಮೇಲೆ ಪೆಕಾನ್ ಮರದ ಹೊಗೆಯಲ್ಲಿ ಗಂಟೆಗಟ್ಟಲೆ ತೂಗುಹಾಕುತ್ತಾರೆ. ಮೇಲ್ಮೈ ಒದ್ದೆಯಿದ್ದರೆ ಹೊಗೆ ಸರಿಯಾಗಿ ಹಿಡಿಯದು. ಗುಂಬೋ ಸಾರಿಗೂ ಜಂಬಲಾಯ ಅನ್ನಕ್ಕೂ ಇದೇ ರುಚಿ ಕೊಡುವುದು.

ಪ್ರುಡೋಮ್ ತಮ್ಮ ಪಟ್ಟಿಗಳಲ್ಲಿ ಆಂಡೂಯಿಯನ್ನು ಹೇಳಿ, ಸಿಗದಿದ್ದರೆ ಪೋಲೆಂಡಿನ ಕೀಲ್ಬಾಸಾದಂಥ ಸಾಸೇಜೂ ಆದೀತು ಎನ್ನುತ್ತಾರೆ. ಮಡಿವಂತರಿಗೆ ಇದು ಅಪಚಾರವೆನಿಸೀತು. ನನಗೆ ಹಾಗೆ ತೋರುವುದಿಲ್ಲ. ದೂರದೂರಿನ ಗೃಹಿಣಿಯನ್ನು ನೆನೆದು ಬರೆದ ಮಾತು ಅದು. ನನ್ನ ತಕರಾರು ಬೇರೆ. ಆ ಒಂದು ಸಾಲಿನಲ್ಲಿ ಸಾಸೇಜು ಅಂಗಡಿಯಿಂದ ತರುವ ಸಾಮಾನಾಗಿಬಿಡುತ್ತದೆ.

ಅದರ ಹಿಂದೆ ಇದ್ದದ್ದು 'ಬೂಷ್ರಿ' ಎಂಬ ಊರೊಟ್ಟಿನ ಕೆಲಸ. ಫ್ರಿಜ್ ಇಲ್ಲದ ಕಾಲದಲ್ಲಿ, ಚಳಿ ಬಿದ್ದ ಮೇಲೆ, ನೆರೆಹೊರೆಯವರು ಸರದಿಯಂತೆ ಹಂದಿ ಕಡಿದು ಮಾಂಸ ಹಂಚಿಕೊಳ್ಳುತ್ತಿದ್ದರು. ಕಡಿಯುವುದು ಗಂಡಸರು, ಕರುಳನ್ನು ಒಳಹೊರಗು ಮಾಡಿ ಕೆರೆದು, ನೀರು ತಿಳಿಯಾಗುವ ತನಕ ತೊಳೆಯುವುದು ಹೆಚ್ಚಾಗಿ ಹೆಂಗಸರ ಪಾಲು. ಪಾಕಪುಸ್ತಕಗಳಲ್ಲಿ ಇದೆಲ್ಲ 'ಕರುಳು, ಇಷ್ಟು ಅಡಿ' ಎಂಬ ಅರ್ಧ ಸಾಲಾಗುತ್ತದೆ. ನಮ್ಮ ಪುಸ್ತಕಗಳಲ್ಲೂ 'ರುಬ್ಬಿದ ಹಿಟ್ಟು, ಎರಡು ಬಟ್ಟಲು' ಎಂದಿರುತ್ತದಲ್ಲ, ರುಬ್ಬಿದವಳು ಯಾರೆಂದು ಯಾರು ಕೇಳಿದರು?

ಇನ್ನೊಂದು ಮೌನ ಇದಕ್ಕಿಂತ ಅಪಾಯದ್ದು. 'ಅಜ್ಜಿ ಕಾಲದ ಪದ್ಧತಿ' ಎಂದು ಮೆರೆಯುವ ಕೆಲವು ಪಾಕಗಳು ಬರೀ ಅಡಿಗೆ ಉಪ್ಪು ಸಾಕೆನ್ನುತ್ತವೆ. ಆದರೆ ಕರುಳಿನೊಳಗೆ ಗಾಳಿಯಾಡದು, ಮಂದ ಹೊಗೆಯ ಬಿಸಿಯೂ ನಿಧಾನ. ಬಾಟ್ಯುಲಿಸಂ ಎಂಬ ಮಾರಕ ವಿಷ ಹುಟ್ಟಿಸುವ ಸೂಕ್ಷ್ಮಜೀವಿಗೆ ಬೇಕಾದದ್ದೂ ಇದೇ. ಆ ರೋಗದ ಹೆಸರು ಬಂದದ್ದೇ ಸಾಸೇಜು ಎಂಬರ್ಥದ ಲ್ಯಾಟಿನ್ ಪದದಿಂದ! ಇದನ್ನು ತಡೆಯಲು ನೂರಕ್ಕೆ 6.25 ಪಾಲು ಸೋಡಿಯಂ ನೈಟ್ರೈಟ್ ಬೆರೆಸಿದ ಉಪ್ಪನ್ನು ಕಿಲೋ ಮಾಂಸಕ್ಕೆ ಸುಮಾರು 2.5 ಗ್ರಾಂ ತೂಗಿ ಹಾಕುತ್ತಾರೆ. ಹೆಚ್ಚಾದರೆ ಅದೇ ವಿಷ. ಅಡಿಗೆ ಉಪ್ಪೆಂದು ಯಾರೂ ತಪ್ಪು ತಿಳಿಯಬಾರದೆಂದು ಅದಕ್ಕೆ ಗುಲಾಬಿ ಬಣ್ಣ ಕೊಟ್ಟಿರುತ್ತಾರೆ. ನಮ್ಮ ಸೈಂಧವ ಲವಣವೂ ಅದೇ ಬಣ್ಣದ್ದು, ಆದರೆ ಅದರಿಂದ ಈ ಕೆಲಸ ಆಗದು. ಕೊನೆಗೆ ಸಾಸೇಜಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಅಜ್ಜಿಯರಿಗೆ ಚಳಿಗಾಲದ ಕಾವಲಿತ್ತು, ಬೇಗ ಹಂಚಿ ಮುಗಿಸುವ ನೆರೆಹೊರೆಯಿತ್ತು. ಅವೆರಡನ್ನೂ ಬಿಟ್ಟು ಅಳತೆಗಳನ್ನಷ್ಟೇ ನಕಲು ಮಾಡಿ ಅದನ್ನು ಸಂಪ್ರದಾಯವೆಂದರೆ ಒಪ್ಪುವುದು ಹೇಗೆ? ಪ್ರುಡೋಮ್ ರುಚಿಯನ್ನು ಜಗತ್ತಿಗೆ ಮುಟ್ಟಿಸಿದರು, ಅದು ಸಣ್ಣ ಕೆಲಸವಲ್ಲ. ಆದರೆ ಇನ್ನು ಮುಂದೆ ಯಾವುದೇ ಪಾಕಪುಸ್ತಕ ತೆರೆದಾಗ ಎರಡು ಪ್ರಶ್ನೆ ಕೇಳೋಣ: ಈ ಕೆಲಸ ಮಾಡಿದವರು ಯಾರು? ಇದರಲ್ಲಿ ಹೇಳದೆ ಬಿಟ್ಟ ಅಪಾಯ ಯಾವುದು?