ಸತ್ಯವೇದದಲ್ಲಿ ಬಡ್ಡಿಯ ನಿಷೇಧ

ಸತ್ಯವೇದದ ಮೋಶೆಯ ಧರ್ಮಶಾಸ್ತ್ರದಲ್ಲಿ ಬಡ್ಡಿಯನ್ನು ನಿಷೇಧಿಸುವ ವಿಧಿಯು ಮೂರು ಕಡೆ ಬಂದಿದೆ: ವಿಮೋಚನಕಾಂಡದ 22ನೆಯ, ಯಾಜಕಕಾಂಡದ 25ನೆಯ, ಧರ್ಮೋಪದೇಶಕಾಂಡದ 23ನೆಯ ಅಧ್ಯಾಯಗಳಲ್ಲಿ. ಇದನ್ನೋದುವ ಇಂದಿನ ಕ್ರೈಸ್ತನು ಎರಡರಲ್ಲೊಂದು ದಾರಿಯನ್ನು ಹಿಡಿಯುವುದುಂಟು. ಬ್ಯಾಂಕಿನಲ್ಲಿ ಹಣವಿಟ್ಟು ಬಡ್ಡಿ ಪಡೆದ ತಾನು ದೋಷಿಯೆಂದು ಕಳವಳಗೊಳ್ಳುವುದು ಒಂದು. ಇದು ಕುರಿಗಾಹಿಗಳ ಕಾಲದ ಕಟ್ಟಳೆ, ವಾಣಿಜ್ಯಯುಗಕ್ಕೆ ಸಲ್ಲದೆಂದು ಬದಿಗಿರಿಸುವುದು ಇನ್ನೊಂದು. ಎರಡೂ ಮೂಲವನ್ನು ಅರ್ಧದಲ್ಲಿಯೇ ಬಿಟ್ಟ ಓದುಗಳು.

ಮೊದಲು ಶಬ್ದವನ್ನೇ ನೋಡಬೇಕು. ಹೀಬ್ರೂ ಭಾಷೆಯಲ್ಲಿ ಬಡ್ಡಿಗೆ 'ನೆಷೆಕ್' ಎಂದು ಹೆಸರು. ಅದು 'ಕಚ್ಚು' ಎಂಬರ್ಥದ ಧಾತುವಿಗೆ ಸೇರಿದುದು. ಹಾವು ಕಚ್ಚುವುದಕ್ಕೂ ಅದೇ ಧಾತು. ಕನ್ನಡದ 'ಬಡ್ಡಿ'ಯಾದರೋ 'ವೃದ್ಧಿ'ಯ ತದ್ಭವ. ಗ್ರೀಕರ 'ತೊಕೊಸ್' ಎಂಬುದಕ್ಕೆ ಸಂತಾನವೆಂದೇ ಅರ್ಥ. ಕನ್ನಡವೂ ಗ್ರೀಕೂ ಸಾಲ ಕೊಟ್ಟವನ ಪೆಟ್ಟಿಗೆಯನ್ನು ನೋಡಿ ಹೆಸರಿಟ್ಟರೆ, 'ನೆಷೆಕ್' ಸಾಲ ತಂದವನ ಮೈಯನ್ನು ನೋಡಿ ಹೆಸರಿಟ್ಟಿದೆ. ಯಾಜಕಕಾಂಡದಲ್ಲಿ 'ಹೆಚ್ಚಳ'ವೆಂಬರ್ಥದ 'ತರ್ಬಿತ್' ಸಹ ಜೊತೆಗೆ ಬರುತ್ತದೆ, ನಿಜ. ಆದರೆ ಮುಂದೆ ನಿಂತಿರುವುದು ಕಚ್ಚುವ ಶಬ್ದವೇ. ಭಾಷಾಂತರಕಾರರನ್ನು ಇಲ್ಲಿ ದೂರುವಂತಿಲ್ಲ; ಕನ್ನಡದಲ್ಲಿ ಬೇರೆ ಬಳಕೆಯ ಮಾತಿಲ್ಲ. ಬೋಧಕನು ಮಾತ್ರ ಆ ಕಚ್ಚುವಿಕೆಯನ್ನು ವ್ಯಾಖ್ಯಾನದಲ್ಲಿ ಮರಳಿ ತರಬೇಕಾಗುತ್ತದೆ.

ಸಾಲ ತಂದವನು ಯಾರು? ಮೊದಲಿನ ಎರಡು ಗ್ರಂಥಗಳು ಬಡವನೆಂದು ಸ್ಪಷ್ಟವಾಗಿ ಹೇಳುತ್ತವೆ. ವ್ಯಾಪಾರದ ಬಂಡವಾಳಕ್ಕಾಗಿ ಬಂದವನಲ್ಲ. ಬೆಳೆ ಕೆಟ್ಟು ಊಟಕ್ಕೂ ಬಿತ್ತಕ್ಕೂ ಕೈಚಾಚಿದವನು. ನೆರೆಯ ಬಾಬಿಲೋನಿಯದಲ್ಲಿ ಕ್ರಿ. ಪೂ. 18ನೆಯ ಶತಮಾನದ ಹಮ್ಮುರಾಬಿಯ ಶಾಸನವು ಬೆಳ್ಳಿಗೆ ಐದರಲ್ಲೊಂದು ಪಾಲು, ಧಾನ್ಯಕ್ಕೆ ಮೂರರಲ್ಲೊಂದು ಪಾಲು ಬಡ್ಡಿಯನ್ನು ಒಪ್ಪಿತ್ತು. ಆ ಶಾಸನ ನಿರ್ದಯವಾದುದೇನೂ ಅಲ್ಲ. ನೆರೆಯೋ ಬರವೋ ಬಂದ ವರ್ಷ ರೈತನಿಗೆ ಬಡ್ಡಿ ಮಾಫಿ. ಅದು ಬಡ್ಡಿಗೆ ಮಿತಿ ಹಾಕಿತು. ಇಸ್ರಾಯೇಲಿನ ವಿಧಿ ಬಡವನ ವಿಷಯದಲ್ಲಿ ಬಡ್ಡಿಯನ್ನೇ ತೆಗೆದುಹಾಕಿತು. ವಿಧಿ ಪಾಲನೆಯಾಯಿತೆಂದಲ್ಲ: ನೆಹೆಮೀಯನ ಗ್ರಂಥದ 5ನೆಯ ಅಧ್ಯಾಯದಲ್ಲಿ ಜನರು ಹೊಲ ಮನೆಗಳನ್ನು ಒತ್ತೆಯಿಟ್ಟು, ಮಕ್ಕಳನ್ನು ದಾಸತ್ವಕ್ಕೆ ಕೊಟ್ಟು ಗೋಳಿಡುತ್ತಾರೆ.

ವಿಮೋಚನಕಾಂಡದಲ್ಲಿ ಬಡ್ಡಿಯ ವಿಧಿಯ ಬೆನ್ನಿಗೇ, ಒತ್ತೆಯಿಟ್ಟುಕೊಂಡ ಹೊದಿಕೆಯನ್ನು ಸೂರ್ಯಾಸ್ತದೊಳಗೆ ಹಿಂದಿರುಗಿಸಬೇಕೆಂಬ ವಿಧಿಯಿದೆ. ಇದು ಕೇವಲ ಉಪದೇಶದ ಅಲಂಕಾರವಲ್ಲ. ಮೆಸಾದ್ ಹಷಾವ್ಯಾಹುವಿನಲ್ಲಿ 1960ರಲ್ಲಿ ದೊರೆತ, ಕ್ರಿ. ಪೂ. 7ನೆಯ ಶತಮಾನದ ಮಡಕೆಯ ಚೂರೊಂದರ ಮೇಲೆ ಒಬ್ಬ ಕೊಯ್ಲುಗಾರನ ಅಹವಾಲು ಬರೆದಿದೆ: ತನ್ನ ಕೆಲಸ ಮುಗಿಸಿದ್ದರೂ ವಸ್ತ್ರವನ್ನು ಕಸಿದುಕೊಂಡರು, ಅದನ್ನು ಕೊಡಿಸಬೇಕು ಎಂದು. ಅಲ್ಲಿ ಸಾಲದ ಮಾತಿಲ್ಲ. ಆದರೂ ಒಂದೇ ಹೊದಿಕೆಯ ಮನುಷ್ಯನು ಎಂತಹವನೆಂಬುದು ಆ ಚೂರಿನಿಂದ ತಿಳಿಯುತ್ತದೆ.

ಧರ್ಮೋಪದೇಶಕಾಂಡವು ಪರದೇಶಿಯಿಂದ ಬಡ್ಡಿ ಪಡೆಯಬಹುದೆನ್ನುತ್ತದೆ. ಇಲ್ಲಿನ ಶಬ್ದ 'ನೊಖ್ರಿ'. ನಾಡಿನಲ್ಲಿ ನೆಲೆಸಿದ ಅನ್ಯನಾದ 'ಗೇರ್' ಅಲ್ಲ. ನೊಖ್ರಿಯು ಬಂದುಹೋಗುವ ವರ್ತಕನೆಂದು ವಿದ್ವಾಂಸರು ಸಮಾಧಾನ ಹೇಳುವುದುಂಟು. ಸಮಾಧಾನ ಬಹುಮಟ್ಟಿಗೆ ಒಪ್ಪತಕ್ಕದ್ದೇ. ವಾಕ್ಯದ ತೊಡಕು ಮಾತ್ರ ಪೂರ್ತಿ ಬಿಡದು.

ಮತ್ತಾಯನ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯದಲ್ಲಿ ಯಜಮಾನನು ಹಣವನ್ನು ಸಾಹುಕಾರರಲ್ಲಿ ಇಡಬೇಕಾಗಿತ್ತೆನ್ನುವುದನ್ನು ಬಡ್ಡಿಗೆ ಯೇಸುವಿನ ಅನುಮತಿಯೆಂದು ಎತ್ತಿ ತೋರಿಸುವವರುಂಟು. ಈ ವಾದ ನಿಲ್ಲದು. ಲೂಕನ 18ನೆಯ ಅಧ್ಯಾಯದ ಅನ್ಯಾಯಗಾರ ನ್ಯಾಯಾಧಿಪತಿಯ ಕಥೆಯಿಂದ ಅನ್ಯಾಯಕ್ಕೆ ಅನುಮತಿ ದೊರೆಯುವುದಿಲ್ಲವಷ್ಟೆ. ಕಥೆಯ ಉಪಕರಣ ಬೇರೆ, ಉಪದೇಶ ಬೇರೆ.

325ರ ನಿಕೇಯ ಸಭೆಯು ಬಡ್ಡಿ ತೆಗೆದುಕೊಳ್ಳುವುದನ್ನು ಪಾದ್ರಿವರ್ಗಕ್ಕೆ ನಿಷೇಧಿಸಿತು. ಮುಂದೆ ನಿಷೇಧ ಎಲ್ಲರಿಗೂ ಹಬ್ಬಿತು. 1745ರಲ್ಲಿಯೂ 14ನೆಯ ಬೆನೆಡಿಕ್ಟ್ ಪೋಪರು ಅದನ್ನು ಪುನಃ ಸಾರಿದರು. ಇವರಿಗಿಂತ ಇನ್ನೂರು ವರ್ಷ ಮೊದಲೇ, 1545ರ ಪತ್ರವೊಂದರಲ್ಲಿ, ಕಾಲ್ವಿನನು ವಿಧಿಯ ಗುರಿ ಬಡವರ ಹಿಂಸೆಯನ್ನು ತಡೆಯುವುದೆಂದು ಕಂಡು, ಮಿತವಾದ ಬಡ್ಡಿಯನ್ನು ಒಪ್ಪಿದನು, ಬಡವನಿಂದ ಮಾತ್ರ ಕೂಡದೆಂದನು. ಪ್ರಾಚೀನ ಸಂದರ್ಭವನ್ನರಿತ ಓದಿಗೆ ಇದು ಒಳ್ಳೆಯ ನಿದರ್ಶನ. ಆದರೆ ಆತನ ಅನುಮತಿಯನ್ನು ನೆನಪಿಟ್ಟವರು ಹೆಚ್ಚು, ಕಟ್ಟುಪಾಡನ್ನು ನೆನಪಿಟ್ಟವರು ಕಡಿಮೆ. ಔಷಧಕ್ಕೆಂದು ದಿನಗೂಲಿಯವನು ತರುವ ಸಾಲ ಮೋಶೆಯ ವಿಧಿಗೆ ಇಂದಿಗೂ ನೇರವಾಗಿ ಒಳಪಟ್ಟದ್ದು; ಬ್ಯಾಂಕಿನ ಠೇವಣಿ ಹಾಗಲ್ಲ. ಆ ಠೇವಣಿಯೇ ಕೈಯಿಂದ ಕೈಗೆ ದಾಟಿ ಕೊನೆಗೆ ಆ ದಿನಗೂಲಿಯವನಿಗೆ ದುಬಾರಿ ಬಡ್ಡಿಯ ಸಾಲವಾಗಿ ಮುಟ್ಟಿದರೆ ಇಟ್ಟವನ ಹೊಣೆಯೆಷ್ಟು ಎಂಬ ಪ್ರಶ್ನೆಗೆ ಆ ಮೂರು ಅಧ್ಯಾಯಗಳಲ್ಲಿ ಉತ್ತರವಿಲ್ಲ.