ಉಳಿದ ಮುಖ, ಅಳಿದ ಹೆಸರು

ಶ್ರೀಮಂತ ಮನೆತನದ ಇಬ್ಬರು ಸ್ತ್ರೀಯರನ್ನು ಒಂದೇ ಪಟದಲ್ಲಿ ಬರೆಯುವ ಚಿತ್ರಕಾರನ ಕಷ್ಟ ಸಣ್ಣದಲ್ಲ. ಉಡುಗೆ, ಒಡವೆ, ವಂಶದ ಗತ್ತು ಇಬ್ಬರಿಗೂ ಒಂದೇ. ಹಾಗಿರುವಾಗ ಇವಳು ಯಾರು, ಅವಳು ಯಾರು ಎಂದು ತೋರಿಸುವುದು ಹೇಗೆ? ಹದಿನೇಳನೆಯ ಶತಮಾನದ ಬರೋಕ್ ಕಲಾವಿದ ವ್ಯಾನ್ ಡೈಕ್ ಈ ಕಷ್ಟವನ್ನು ಒಂದು ಹೂವಿನಿಂದ ದಾಟಿದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಎಲಿಜಬೆತ್ ಮತ್ತು ಡೊರೊಥಿ ಎಂಬ ಸೋದರಿಯರ ಚಿತ್ರದಲ್ಲಿ ಮನ್ಮಥಶಿಶು ಡೊರೊಥಿಗೆ ಗುಲಾಬಿಗಳನ್ನು ನೀಡುತ್ತಿದ್ದಾನೆ. ಗುಲಾಬಿ ಸಂತ ಡೊರೊಥಿಯ ಲಾಂಛನ. ಬಲ್ಲವರಿಗೆ ಹೂವೇ ಹೆಸರು ಹೇಳುತ್ತದೆ.

ಈ ಭಾವಚಿತ್ರ ಪರಂಪರೆ ಕಡಲು ದಾಟಿ ನಮ್ಮಲ್ಲಿಗೂ ಬಂದಿತು. ಐರ್ಲೆಂಡಿನ ಥಾಮಸ್ ಹಿಕಿ 1805ರ ಸುಮಾರಿಗೆ ಮೈಸೂರಿನ ಮೂವರು ರಾಜಸ್ತ್ರೀಯರನ್ನು ಬರೆದ. ಇದು ಬರೋಕ್ ಚಿತ್ರವಲ್ಲ. ಆದರೆ ಕಷ್ಟ ಅದೇ. ಬಹುಕಾಲ ಈ ಚಿತ್ರದ ಸ್ತ್ರೀಯರನ್ನು ನರ್ತಕಿಯರೆಂದೇ ಭಾವಿಸಿದ್ದರು. ಪರಪುರುಷನೆದುರು, ಅದೂ ಪರದೇಶಿಯ ಎದುರು, ಅಂತಃಪುರದವರು ಕುಳಿತಾರೆಯೆ ಎಂಬ ತರ್ಕ ಸಹಜವೇ. ಆದರೆ ಆ ತರ್ಕ ಚಿತ್ರವನ್ನು ನೋಡಿ ಹುಟ್ಟಿದ್ದಲ್ಲ, ನೋಡುವ ಮೊದಲೇ ಮನಸ್ಸಿನಲ್ಲಿದ್ದದ್ದು.

ಚಿತ್ರವನ್ನೇ ನೋಡಿದವರು ಇತಿಹಾಸಜ್ಞ ನೈಜೆಲ್ ಚಾನ್ಸಲರ್. ಅವರ ಮತದಂತೆ ಎಡಬಲದಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರು; ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವಿನವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿ. ಬಲಗಡೆಯ ಕಿರಿಯ ರಾಣಿ ಸೆರಗನ್ನು ಸರಿಸಿ ಎಡ ತೋಳನ್ನು ಸೂಚಿಸುತ್ತಾಳೆ: ಅದು ಜೆನ್ನರನ ಹೊಸ ದೇವಿ ಹಾಕಿಸಿಕೊಂಡ ಜಾಗ. ಎಡಗಡೆಯವಳ ತುಟಿಯ ಸುತ್ತಣ ಮಾಸಿದ ಬಣ್ಣ ಸಿಡುಬಿನ ಕೀವನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯ ಗುರುತು. 1802ರಲ್ಲಿ ಮುಂಬಯಿಗೆ ಬಂದ ಲಸಿಕೆಯ ಬಗ್ಗೆ ಜನರ ಅಂಜಿಕೆ ಬಿಡಿಸಲು ಬರೆಸಿದ ಚಿತ್ರವಿದು ಎಂಬುದು ಅವರ ನಿರ್ಣಯ.

ವಾದ ನನಗೆ ಒಪ್ಪಿಗೆಯಾಗುತ್ತದೆ. ಆದರೂ ಒಂದು ಮಾತು ಉಳಿಯುತ್ತದೆ. ನರ್ತಕಿಯರೆಂದಾಗ ಈ ಸ್ತ್ರೀಯರು ಕಣ್ಣಿಗೆ ಬೀಳಲಿಲ್ಲ. ಬರಿಯ ಲಸಿಕೆಯ ಜಾಹೀರಾತೆಂದರೂ ಬೀಳುವುದಿಲ್ಲ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ತೋಳು ತೋರಿಸುವ ಕೈ ವಾಚ್ಯಾರ್ಥ. ಹನ್ನೆರಡರ ಆಸುಪಾಸಿನ ಹುಡುಗಿ ಅಪರಿಚಿತನೆದುರು ಸೆರಗು ಸರಿಸಲು ಬೇಕಾದ ಧೈರ್ಯ, ಅವಳ ಪಕ್ಕದಲ್ಲಿ ಹಿರಿಯಳ ನಿಲುವು, ಇವೇ ಧ್ವನಿ. ಒಂದೇ ಹೆಸರಿನ ಇಬ್ಬರನ್ನು ಹಿಕಿ ಬೇರ್ಪಡಿಸಿದ್ದು ಒಡವೆಯಿಂದಲ್ಲ, ಮೈಮೇಲೆ ಅವರು ಹೊತ್ತ ಎರಡು ಕಾಲಗಳ ಗುರುತಿನಿಂದ.

ಮೋರಖಂಡಿಯ ಕಡೆಯವರಾದ ನಮಗೆ ಇಂಥ ಕೈ ಹೊಸತಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಸಂಸ್ಕೃತದಲ್ಲಿ ಬರೆಯುತ್ತಿದ್ದಾಳೆ. ಅರಸನ ಹೆಸರು ಉಳಿಯಿತು, ಬರೆಯುವವಳಿಗೆ ಹೆಸರಿಲ್ಲ. ಆದರೂ ಪ್ರಶಸ್ತಿಯನ್ನು ಓದುವವರಿಗಿಂತ ಅವಳನ್ನು ನೋಡಲು ಹೋಗುವವರೇ ಹೆಚ್ಚು. ಮೈಸೂರಿನ ರಾಣಿಯರನ್ನೂ ಹಾಗೆಯೇ ನೋಡಬೇಕು: ಚಿತ್ರದ ಉದ್ದೇಶವನ್ನು ತಿಳಿದುಕೊಂಡು, ಆಮೇಲೆ ಅದನ್ನು ಸ್ವಲ್ಪ ಬದಿಗಿಟ್ಟು.