ಹ್ಯಾನ್‌ಫರ್ಡ್ ತ್ಯಾಜ್ಯ: ತ್ರಿಪಕ್ಷೀಯ ಒಪ್ಪಂದದ ಒಂದು ವಿಮರ್ಶೆ

ಅಮೆರಿಕದ ಪಶ್ಚಿಮದಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ (ಇದು ಅದೇ ಹೆಸರಿನ ರಾಜಧಾನಿಯಲ್ಲ) ಕೊಲಂಬಿಯಾ ನದಿಯ ದಂಡೆಯ ಮೇಲೆ ಹ್ಯಾನ್‌ಫರ್ಡ್ ಎಂಬ ನೆಲೆಯಿದೆ. ಬಾಂಬಿಗೆ ಬೇಕಾದ ಪ್ಲುಟೋನಿಯಮ್ ತಯಾರಿಸಲೆಂದೇ 1943ರಲ್ಲಿ ಇದನ್ನು ಕಟ್ಟಲಾಯಿತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಮ್ ಇಲ್ಲಿಯದೇ. ಮುಂದಿನ ನಾಲ್ಕು ದಶಕಗಳಲ್ಲಿ ಒಟ್ಟು ಒಂಬತ್ತು ರಿಯಾಕ್ಟರುಗಳು ಇಲ್ಲಿ ಕೆಲಸ ಮಾಡಿದವು. ಅವು ನಿಂತು ಹೋದಾಗ ಉಳಿದದ್ದು 177 ಭೂಗತ ತೊಟ್ಟಿಗಳಲ್ಲಿ ತುಂಬಿದ ಸುಮಾರು 21 ಕೋಟಿ ಲೀಟರ್ ವಿಕಿರಣಶೀಲ ತ್ಯಾಜ್ಯ. ಈ ತೊಟ್ಟಿಗಳಲ್ಲಿ 149ಕ್ಕೆ ಒಂದೇ ಉಕ್ಕಿನ ಗೋಡೆ. ಅವುಗಳಲ್ಲಿ 67 ಸೋರಿರಬಹುದೆಂಬ ಶಂಕೆಯಿದೆ.

ಇದನ್ನು ಶುದ್ಧಗೊಳಿಸುವ ಹೊಣೆಯನ್ನು ಗೊತ್ತುಪಡಿಸಿದ ದಾಖಲೆಯೇ 1989ರ ಮೇ 15ರಂದು ಸಹಿಯಾದ ತ್ರಿಪಕ್ಷೀಯ ಒಪ್ಪಂದ. ಸಹಿ ಹಾಕಿದವರು ಕೇಂದ್ರದ ಇಂಧನ ಇಲಾಖೆ, ಕೇಂದ್ರದ್ದೇ ಆದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ವಾಷಿಂಗ್ಟನ್ ರಾಜ್ಯದ ಪರಿಸರ ಇಲಾಖೆ. ಹಲವು ಸರ್ಕಾರಿ ಸಂಸ್ಥೆಗಳು ಒಂದೇ ಕೆಲಸದ ಮೇಲ್ವಿಚಾರಣೆಯನ್ನು ಹಂಚಿಕೊಳ್ಳುವುದಕ್ಕೆ ಇದನ್ನು ಮಾದರಿಯೆಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯಲು ತೊಟ್ಟಿಯೊಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಬಳಸಿದ ಯುರೇನಿಯಮ್ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಮ್ ಬೇರ್ಪಡಿಸುತ್ತಿದ್ದರು. ಉಳಿದ ಆಮ್ಲೀಯ ದ್ರವ ಸಾಮಾನ್ಯ ಉಕ್ಕನ್ನು ತಿಂದುಹಾಕುತ್ತದೆ. ಆದ್ದರಿಂದ ಅದಕ್ಕೆ ಸೋಡಿಯಮ್ ಹೈಡ್ರಾಕ್ಸೈಡ್ ಬೆರೆಸಿ ತೊಟ್ಟಿಗೆ ಬಿಟ್ಟರು. ಪರಿಣಾಮವಾಗಿ ತ್ಯಾಜ್ಯದ ಗಾತ್ರ ಹಿಗ್ಗಿತು. ತಳದಲ್ಲಿ ಕೆಸರು, ಮೇಲೆ ಉಪ್ಪಿನ ಗಟ್ಟಿ, ಅದರ ಮೇಲೆ ದ್ರವ ಎಂಬ ಪದರಗಳಾದವು. ಸೀಸಿಯಮ್-137, ಸ್ಟ್ರಾನ್ಷಿಯಮ್-90, ಟೆಕ್ನೀಷಿಯಮ್-99ಗಳ ಜೊತೆಯಲ್ಲೇ ನೈಟ್ರೇಟು, ಕ್ರೋಮಿಯಮ್ ಮೊದಲಾದ ಸಾಮಾನ್ಯ ರಾಸಾಯನಿಕ ವಿಷಗಳೂ ಇವೆ. ಎಲ್ಲವೂ ಒಂದೇ ಮಿಶ್ರಣ.

ಕಾನೂನು ಈ ಮಿಶ್ರಣವನ್ನು ಕಾಗದದ ಮೇಲೆ ಎರಡಾಗಿ ಸೀಳಿತು. 1954ರ ಪರಮಾಣು ಶಕ್ತಿ ಕಾಯಿದೆಯ ಪ್ರಕಾರ ವಿಕಿರಣಶೀಲ ಅಂಶದ ಮೇಲೆ ಇಂಧನ ಇಲಾಖೆಗೇ ಅಧಿಕಾರ. 1976ರ ಅಪಾಯಕಾರಿ ತ್ಯಾಜ್ಯ ಕಾಯಿದೆಯ ಪ್ರಕಾರ ರಾಸಾಯನಿಕ ಅಂಶದ ಮೇಲೆ ಪರಿಸರ ಸಂಸ್ಥೆಗೂ ರಾಜ್ಯಕ್ಕೂ ಅಧಿಕಾರ. ಎರಡನೆಯ ಕಾಯಿದೆ ತನಗೆ ಅನ್ವಯಿಸುವುದೇ ಇಲ್ಲವೆಂದು ಇಂಧನ ಇಲಾಖೆ ವರ್ಷಗಟ್ಟಲೆ ವಾದಿಸಿತು. ಟೆನ್ನೆಸಿಯ ಓಕ್‌ರಿಜ್ ನೆಲೆಯ ಮೊಕದ್ದಮೆಯಲ್ಲಿ 1984ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ತೀರ್ಪು ಬಾರದಿದ್ದರೆ ತ್ರಿಪಕ್ಷೀಯ ಒಪ್ಪಂದಕ್ಕೆ ನೆಲೆಯೇ ಇರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ನೀವು ವಿದ್ಯಾರ್ಥಿಗಳಾಗಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಂದು ಲೋಟ ದ್ರಾವಣದಲ್ಲಿ ಉಪ್ಪಿನ ಮೇಲೆ ಒಬ್ಬನ ಅಧಿಕಾರ, ಅದೇ ದ್ರಾವಣದ ಸೀಸಿಯಮ್ ಮೇಲೆ ಇನ್ನೊಬ್ಬನ ಅಧಿಕಾರ ಎಂದರೆ ಲೋಟವನ್ನು ಎತ್ತುವವರು ಯಾರು? ಹ್ಯಾನ್‌ಫರ್ಡ್‌ನಲ್ಲಿ ರಾಜ್ಯಕ್ಕೆ ನಿಜವಾದ ಭಯವಿರುವುದು ನದಿಗೆ ಸೇರಬಹುದಾದ ವಿಕಿರಣಶೀಲ ಧಾತುಗಳದು. ಅದಕ್ಕೆ ಕಾನೂನು ಕೊಟ್ಟಿರುವ ಹಿಡಿಕೆ ಮಾತ್ರ ರಾಸಾಯನಿಕಗಳದು. ಟೆಕ್ನೀಷಿಯಮ್ ಕುರಿತು ಆಡಬೇಕಾದ ಮಾತನ್ನು ನೈಟ್ರೇಟ್‌ನ ಹೆಸರಿನಲ್ಲಿ ಆಡಬೇಕಾಗಿದೆ.

‘ಉನ್ನತ ಮಟ್ಟದ ತ್ಯಾಜ್ಯ’ ಎಂಬ ಪದವನ್ನೇ ನೋಡಿ. ಅಮೆರಿಕದ ಕಾನೂನಿನಲ್ಲಿ ಇದರ ವ್ಯಾಖ್ಯೆ ನಿಂತಿರುವುದು ಮುಖ್ಯವಾಗಿ ತ್ಯಾಜ್ಯದ ಮೂಲದ ಮೇಲೆ: ಬಳಸಿದ ಇಂಧನದ ಮರುಸಂಸ್ಕರಣೆಯಿಂದ ಬಂದದ್ದೇ ಎಂಬುದರ ಮೇಲೆ. ಭೌತವಿಜ್ಞಾನದ ಕಣ್ಣಿಗೆ ಇದು ವಿಚಿತ್ರ. ಅಪಾಯವನ್ನು ನಿರ್ಧರಿಸುವುದು ಯಾವ ಐಸೊಟೋಪು, ಎಷ್ಟು ಪ್ರಮಾಣ, ಯಾವ ಅರ್ಧಾಯು, ನೀರಿನಲ್ಲಿ ಎಷ್ಟು ಚಲಿಸುತ್ತದೆ ಎಂಬುವು, ಹುಟ್ಟಿದ ಮನೆಯಲ್ಲ. ಆದ್ದರಿಂದ ಸಂಯೋಜನೆಯನ್ನು ಆಧರಿಸಿ ವ್ಯಾಖ್ಯೆಯನ್ನು ಮರುಓದಬೇಕೆಂದು 2019ರಲ್ಲಿ ಇಂಧನ ಇಲಾಖೆ ಹೇಳಿದಾಗ ತರ್ಕ ಅದರ ಕಡೆಗಿತ್ತು. ಆದರೂ ರಾಜ್ಯ ವಿರೋಧಿಸಿತು, ಮತ್ತು ಆ ವಿರೋಧ ಸರಿಯಾದದ್ದೇ. ತ್ಯಾಜ್ಯದ ಒಡೆಯ, ಶುದ್ಧೀಕರಣದ ಖರ್ಚನ್ನು ಹೊರುವವ, ಅದು ಎಷ್ಟು ಅಪಾಯಕಾರಿ ಎಂದು ತೀರ್ಮಾನಿಸುವವ, ಈ ಮೂವರೂ ಒಬ್ಬನೇ ಆದಾಗ ಒಳ್ಳೆಯ ತರ್ಕವನ್ನೂ ಜನ ನಂಬುವುದಿಲ್ಲ.

ಹೊರಗಿನ ಪರಿಣತರು ಇಲ್ಲವೆಂದಲ್ಲ. 1988ರಲ್ಲಿ ಅಮೆರಿಕದ ಸಂಸತ್ತು ರಚಿಸಿದ ರಕ್ಷಣಾ ಪರಮಾಣು ಸೌಲಭ್ಯಗಳ ಸುರಕ್ಷತಾ ಮಂಡಳಿ 2011ರಲ್ಲಿ ಹ್ಯಾನ್‌ಫರ್ಡ್‌ನ ಗಾಜೀಕರಣ ಸ್ಥಾವರದ ಸುರಕ್ಷತಾ ಸಂಸ್ಕೃತಿಯನ್ನು ಕಟುವಾಗಿ ಟೀಕಿಸಿತು. ಆದರೆ ಅದು ಶಿಫಾರಸು ಮಾಡಬಲ್ಲದು, ಆಜ್ಞೆ ಮಾಡಲಾರದು.

ಗಾಜೀಕರಣವೆಂದರೆ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನೊಡನೆ ಕರಗಿಸಿ ಗಟ್ಟಿಯಾಗಿಸುವುದು. ನಮ್ಮ ತಾರಾಪುರದಲ್ಲೂ ಈ ವಿಧಾನ ಬಳಕೆಯಲ್ಲಿದೆ. 1989ರ ಒಪ್ಪಂದದಂತೆ ಹ್ಯಾನ್‌ಫರ್ಡ್‌ನಲ್ಲಿ ಇದು 1999ರ ಡಿಸೆಂಬರ್‌ನಲ್ಲಿ ಆರಂಭವಾಗಬೇಕಿತ್ತು. ಸ್ಥಾವರದ ನಿರ್ಮಾಣ ಶುರುವಾದದ್ದೇ 2002ರಲ್ಲಿ. ಗಡುವುಗಳು ಜಾರುತ್ತಲೇ ಹೋದಾಗ ರಾಜ್ಯ 2008ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ಬಂದ ಹೊಸ ಗಡುವುಗಳನ್ನು 2016ರಲ್ಲಿ ಮತ್ತೆ ತಿದ್ದಬೇಕಾಯಿತು. ಕೊನೆಗೂ ಕಡಿಮೆ ವಿಕಿರಣದ ಭಾಗವನ್ನು ಗಾಜಾಗಿಸುವ ಕೆಲಸ ಆರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ.

ಈ ವಿಳಂಬವನ್ನು ಅರ್ಧಾಯುವಿನ ಗಡಿಯಾರದಲ್ಲಿ ಅಳೆದು ನೋಡೋಣ. ಸೀಸಿಯಮ್-137ರ ಅರ್ಧಾಯು ಸುಮಾರು 30 ವರ್ಷ. 1989ರಲ್ಲಿದ್ದ ಸೀಸಿಯಮ್‌ನಲ್ಲಿ 2025ರ ಹೊತ್ತಿಗೆ ಶೇಕಡಾ 44ರಷ್ಟು ಮಾತ್ರ ಉಳಿದಿರುತ್ತದೆ (ಶಿಕ್ಷಕರು ಇದನ್ನು ತರಗತಿಯಲ್ಲಿ ಲೆಕ್ಕ ಮಾಡಿಸಬಹುದು). ಅಂದರೆ ಕಾಯುವುದರಿಂದ ಲಾಭವೂ ಆಗಿದೆ! ಆದರೆ ಟೆಕ್ನೀಷಿಯಮ್-99ರ ಅರ್ಧಾಯು ಸುಮಾರು 2.1 ಲಕ್ಷ ವರ್ಷ. ಅದು ಇದ್ದಷ್ಟೇ ಇದೆ, ನೀರಿನೊಡನೆ ಸುಲಭವಾಗಿ ಸಾಗುತ್ತದೆ. ಈ ನಡುವೆ ತೊಟ್ಟಿಯ ಉಕ್ಕು ಮಾತ್ರ ಸವೆಯುತ್ತಲೇ ಇದೆ. ಒಪ್ಪಂದದ ಗಡುವುಗಳಲ್ಲಿ ಈ ವ್ಯತ್ಯಾಸದ ಸುಳಿವಿಲ್ಲ. ಅವು ಕಟ್ಟಡ ಮುಗಿಯುವ, ಯಂತ್ರ ಚಾಲೂ ಆಗುವ ತಾರೀಖುಗಳು.

ಹಾಗಿದ್ದರೂ ಒಪ್ಪಂದ ವ್ಯರ್ಥವಾಯಿತೆನ್ನಲಾರೆ. ನದಿಯ ಅಂಚಿನಲ್ಲಿ, ಎಲ್ಲಿ ಯಾವ ಸಂಸ್ಥೆ ಮುಂದಾಳು ಎಂಬುದು ಸ್ಪಷ್ಟವಾಗಿದ್ದು ಕೆಲಸವೂ ಮಣ್ಣು ಅಗೆಯುವ, ಕಟ್ಟಡ ಕೆಡಹುವ ಸ್ವರೂಪದ್ದಾಗಿತ್ತೋ ಅಲ್ಲಿ ಅದು ಫಲ ಕೊಟ್ಟಿದೆ. ರಾಜ್ಯದ ಸಹಿ ಇಲ್ಲದಿದ್ದರೆ ನ್ಯಾಯಾಲಯದ ಮುಂದಿಡಲು ಒಂದು ತಾರೀಖೂ ಇರುತ್ತಿರಲಿಲ್ಲ. ರಾಜ್ಯಗಳು ಕೇಂದ್ರದ ನೆಲೆಗಳಿಗೆ ದಂಡ ಹಾಕಬಹುದೆಂಬ 1992ರ ಕಾಯಿದೆಯೂ ಅದಕ್ಕೆ ಬಲ ಕೊಟ್ಟಿತು.

ನನ್ನ ದೊಡ್ಡ ಆಕ್ಷೇಪ ಇತ್ತೀಚಿನ ತಿದ್ದುಪಡಿಯ ರೀತಿಗೆ. 2020ರಿಂದ ಮೂರೂ ಸಂಸ್ಥೆಗಳು ಮುಚ್ಚಿದ ಬಾಗಿಲ ಹಿಂದೆ ಮಾತುಕತೆ ನಡೆಸಿ 2024ರ ಏಪ್ರಿಲ್‌ನಲ್ಲಿ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದವು. 2025ರ ಜನವರಿಯಲ್ಲಿ ಅದು ಅಂತಿಮವಾಯಿತು. ಅದರ ಪ್ರಕಾರ 22 ತೊಟ್ಟಿಗಳ ಕಡಿಮೆ ವಿಕಿರಣದ ಭಾಗವನ್ನು ಗಾಜಿನ ಬದಲು ಸಿಮೆಂಟಿನಂಥ ಗಾರೆಯಲ್ಲಿ ಗಟ್ಟಿಯಾಗಿಸಿ ರಾಜ್ಯದ ಹೊರಗೆ ಸಾಗಿಸಬಹುದು. ತಾಂತ್ರಿಕವಾಗಿ ಇದು ತಪ್ಪೆಂದು ಹೇಳುವುದು ಕಷ್ಟ. ಆದರೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು ಮೂವರೂ ಒಪ್ಪಿಕೊಂಡಾದ ಮೇಲೆ. ಹಂಚಿಕೊಂಡ ಮೇಲ್ವಿಚಾರಣೆಯ ಬೆಲೆ ಇರುವುದೇ ಒಬ್ಬರು ಇನ್ನೊಬ್ಬರನ್ನು ಎಲ್ಲರೆದುರು ಪ್ರಶ್ನಿಸುವುದರಲ್ಲಿ. 1855ರ ಕರಾರುಗಳ ಮೂಲಕ ಈ ಪ್ರದೇಶದಲ್ಲಿ ಮೀನುಗಾರಿಕೆಯ ಹಕ್ಕು ಉಳಿಸಿಕೊಂಡಿರುವ ಯಾಕಮಾ, ಯುಮಟಿಲ್ಲಾ, ನೆಜ್ ಪರ್ಸ್ ಬುಡಕಟ್ಟುಗಳ ಸಹಿ 1989ರಲ್ಲೂ ಇರಲಿಲ್ಲ, ತ್ರಿಪಕ್ಷೀಯ ಒಪ್ಪಂದದಲ್ಲಿ ಇಂದಿಗೂ ಅವರು ಪಕ್ಷಗಾರರಲ್ಲ.